ಹಾಸನದ ‘ಹಾಕಿ ಹೋಟ್ಲು’: ಕಾಫಿಗೆ ನಾಲ್ಕು ಸ್ಟಾರ್, ಚಟ್ನಿಗೆ ಎರಡು, ಜಗಳಕ್ಕೆ ಐದು

ಸಾಲಗಾಮೆ ರೋಡಿಂದ ಒಳಗೆ ತಿರುಗಿದ್ರೆ ಒಂದು ಹೋಟ್ಲು ಸಿಗುತ್ತೆ, ಬೋರ್ಡಲ್ಲಿ ಹೆಸರೆಲ್ಲ ಬಿಸಿಲಿಗೆ ಮಾಸಿ ಹೋಗಿ ಈಗ ‘ಊಟ ತಿಂಡಿ’ ಅನ್ನೋದೊಂದೇ ಓದೋಕೆ ಬರೋದು, ಗೊತ್ತಿರೋರೆಲ್ಲ ಕರೆಯೋದು ಹಾಕಿ ಹೋಟ್ಲು ಅಂತ್ಲೇ. ಮ್ಯಾಪಲ್ಲಿ ಹುಡುಕ್ಬೇಡಿ, ಪಿನ್ನು ಪಕ್ಕದ ಪಂಚರ್ ಅಂಗಡಿ ಮೇಲೆ ಬಿದ್ದಿದೆ. ಯಾರನ್ನಾದ್ರೂ ಕೇಳಿ, ತೋರಿಸ್ತಾರೆ. ಬೈಕ್ ನಿಲ್ಸೋಕೆ ಜಾಗ ಇದೆ, ಕಾರಾದ್ರೆ ಮೇನ್ ರೋಡಲ್ಲೇ ಬಿಟ್ಟು ನಡ್ಕೊಂಡು ಬನ್ನಿ, ಒಳಗೆ ತಂದ್ರೆ ರಿವರ್ಸ್ ತಗೊಳ್ಳೋಷ್ಟರಲ್ಲಿ ಮ್ಯಾಚಿನ ಒಂದು ಕ್ವಾರ್ಟರ್ ಮುಗ್ದಿರುತ್ತೆ.

ಮೊದ್ಲು ತಿಂಡಿ ವಿಷ್ಯ ಮುಗಿಸ್ಬಿಡ್ತೀನಿ, ಅದ್ರಲ್ಲಿ ಹೇಳೋಕೆ ಜಾಸ್ತಿ ಏನಿಲ್ಲ. ಅಕ್ಕಿ ರೊಟ್ಟಿ ಸೂಪರ್, ಸಬ್ಬಸಿಗೆ ಸೊಪ್ಪು ಹಾಕಿ ಕೈಯಲ್ಲೇ ತಟ್ಟೋದು, ಹುಚ್ಚೆಳ್ಳು ಚಟ್ನಿ ಮಾಡಿದ ದಿನ ಹೋದ್ರೆ ಒಂದಕ್ಕೆ ನಿಲ್ಸೋಕಾಗಲ್ಲ. ಆದ್ರೆ ಹುಚ್ಚೆಳ್ಳು ಚಟ್ನಿ ದಿನಾ ಇರಲ್ಲ, ಇಲ್ದಿದ್ದ ದಿನ ಕೊಡೋ ಕಾಯಿ ಚಟ್ನಿ ಇದ್ಯಲ್ಲ, ಅದು ಹೇಮಾವತಿ ಹೊಳೆ ನೀರು, ಅದಕ್ಕೇ ಎರಡು ಸ್ಟಾರ್. ಮಸಾಲೆ ದೋಸೆ ತಗೋಬೇಡಿ, ಹೆಂಚು ಸರಿಯಾಗಿ ಕಾಯೋಕ್ಮುಂಚೆನೇ ಹುಯ್ದುಬಿಡ್ತಾನೆ ಆ ಹುಡ್ಗ, ಗಮನ ಎಲ್ಲ ಟೀವಿ ಕಡೆ. ಸಂಜೆ ಮೆಣಸಿನಕಾಯಿ ಬಜ್ಜಿ ಪರವಾಗಿಲ್ಲ. ಕಾಫಿ ಮಾತ್ರ ನಿಜವಾಗ್ಲೂ ಚೆನ್ನಾಗಿರುತ್ತೆ, ಪುಡಿ ಸಕಲೇಶಪುರದ ಕಡೆ ಪರಿಚಯದೋರ ತೋಟದ್ದಂತೆ, ಚಿಕೋರಿ ಕಮ್ಮಿ, ಸ್ಟೀಲ್ ಲೋಟದಲ್ಲಿ ಕೈ ಸುಡೋ ಹಂಗೆ ಕೊಡ್ತಾರೆ. ಅರ್ಧ ಸ್ಟಾರ್ ಕಟ್ ಮಾಡ್ಬೇಕು ಅನ್ಸೋದು ಲೋಟ ತೊಳೆಯೋ ಸ್ಪೀಡಿಗೆ, ಜನ ಜಾಸ್ತಿಯಾದ್ರೆ ಕಾಫಿ ಇರುತ್ತೆ ಲೋಟ ಇರಲ್ಲ.

ಇಷ್ಟಕ್ಕೆ ಯಾರೂ ರಿವ್ಯೂ ಬರೆಯಲ್ಲ, ಇದಕ್ಕಿಂತ ಒಳ್ಳೆ ಅಕ್ಕಿ ರೊಟ್ಟಿ ಹಾಸನದಲ್ಲಿ ಬೇರೆ ಕಡೆನೂ ಸಿಗುತ್ತೆ. ಈ ಹೋಟ್ಲಿಗೆ ಜನ ಬರೋದು ಮಾತಿಗೆ. ಗಲ್ಲಾ ಮೇಲೆ ಒಂದು ಟೀವಿ ಇದೆ, ಓನರ್ ಅಣ್ಣಂದು ಒಂದೇ ರೂಲ್ಸು, ಹಾಕಿ ಇದ್ರೆ ಹಾಕಿ, ಕ್ರಿಕೆಟ್ ಬೇಕಾದೋರು ನಿಮ್ಮ ಫೋನಲ್ಲಿ ನೋಡ್ಕಳಿ, ಸೌಂಡ್ ಆಫ್ ಮಾಡ್ಕೊಂಡು. ಇಂಡಿಯಾ ಕ್ರಿಕೆಟ್ ಮ್ಯಾಚ್ ಇದ್ದ ದಿನವೂ ಅಷ್ಟೇ. ಈ ಊರಲ್ಲಿ ಇಂಥ ಧೈರ್ಯ ಮಾಡಿ ವ್ಯಾಪಾರ ಮಾಡೋ ಇನ್ನೊಬ್ಬನ್ನ ನಾನಂತೂ ನೋಡಿಲ್ಲ. ಹಾಕಿ ಇಂಡಿಯಾ ಲೀಗ್, ಐಪಿಎಲ್ ಥರ ಹರಾಜಲ್ಲಿ ಆಟಗಾರರನ್ನ ತಗೊಳ್ಳೋ ಲೀಗು, ಅದ್ರ ಟೈಮಲ್ಲಿ ಡಿಡಿ ಸ್ಪೋರ್ಟ್ಸ್ ಹಾಕಿರ್ತಾರೆ, ಸೀಟು ಸಿಗಲ್ಲ. ಸೀಸನ್ ಇಲ್ದಾಗ ಹೋದ್ರೇ ನನ್ನ ಪ್ರಕಾರ ಇನ್ನೂ ಮಜಾ, ಮ್ಯಾಚ್ ಇರಲ್ವಲ್ಲ, ಬರಿ ದುಡ್ಡಿನ ವಿಷ್ಯ ಜಗಳ ನಡೀತಿರುತ್ತೆ, ಯಾರು ಟೀಮ್ ಓನರ್ ಆಗ್ಬೇಕು, ಯಾರಿಗೆ ಎಷ್ಟು ಕೊಟ್ಟಿದ್ದು ತಪ್ಪು, ಕರ್ನಾಟಕಕ್ಕೆ ಯಾಕೆ ಟೀಮ್ ಇಲ್ಲ ಅಂತ.

ಖಾಯಂ ಗಿರಾಕಿಗಳ ಪರಿಚಯ ಮಾಡ್ಕೊಡ್ಬೇಕು, ಇಲ್ಲಾಂದ್ರೆ ನೀವು ಹೋದಾಗ ಯಾರ ಪಕ್ಕ ಕೂರ್ಬೇಕು ಗೊತ್ತಾಗಲ್ಲ. ಕಿಟಕಿ ಪಕ್ಕ ಕೂರೋದು ಬ್ಯಾಂಕ್ ಅಂಕಲ್, ಒಂದು ಕಾಲದಲ್ಲಿ ಬ್ಯಾಂಕ್ ಟೀಮಿಗೆ ಲೆಫ್ಟ್ ಹಾಫ್ ಆಡ್ತಿದ್ರಂತೆ, ಆಟದಿಂದ್ಲೇ ಕೆಲ್ಸ ಸಿಕ್ಕಿ ಅದ್ರಲ್ಲೇ ರಿಟೈರ್ ಆದೋರು. ಅವ್ರ ಎದುರಿಗೆ ಸೋಮವಾರಪೇಟೆ ಕಡೆ ಕೊಡವರ ಹುಡ್ಗ ಒಬ್ಬ, ಇಲ್ಲೇ ಇಂಜಿನಿಯರಿಂಗ್ ಓದ್ತಾನೆ, ಎಲ್ರೂ ಕೂರ್ಗಿ ಅಂತಾರೆ, ಅವ್ನು ಬೇಜಾರು ಮಾಡ್ಕೊಳ್ಳಲ್ಲ. ಆಮೇಲೆ ಅಡಿಗೆಮನೆಯಿಂದ ಆಗಾಗ ಒಂದು ಮಾತು ಎಸೆದು ಒಳಗೆ ಹೋಗೋ ಅಕ್ಕ, ಓನರ್ ಅಣ್ಣನ ಹೆಂಡ್ತಿ, ನನ್ನ ಲೆಕ್ಕದಲ್ಲಿ ಇಡೀ ಹೋಟ್ಲಲ್ಲಿ ಹಾಕಿ ಬಗ್ಗೆ ನೆಟ್ಟಗೆ ಯೋಚ್ನೆ ಮಾಡೋದು ಅವ್ರೊಬ್ರೇ.

ಓನರ್ ಅಣ್ಣ ಬಿಲ್ ಬುಕ್ಕಿನ ಹಿಂದೆ ಲೆಕ್ಕ ಹಾಕ್ತಾರೆ, ಗಲ್ಲಾಗೆ ದಾರ ಕಟ್ಟಿರೋ ರೀಫಿಲ್ ಪೆನ್ನಲ್ಲಿ. ಅದನ್ನ ನೋಡೋಕೇ ಹೋಗ್ಬೇಕು. ಒಂದಿನ ಹಾಕಿ ಆಟಗಾರ ಹರ್ಮನ್‌ಪ್ರೀತ್ ಸಿಂಗ್ ವಿಷ್ಯ ಬಂತು. 2024ರ ಅಕ್ಟೋಬರಲ್ಲಿ ಡೆಲ್ಲಿಲಿ ಹರಾಜು ಆಯ್ತಲ್ಲ, ಏಳು ವರ್ಷ ನಿಂತುಹೋಗಿದ್ದ ಲೀಗು ವಾಪಸ್ ಶುರುವಾಗಿದ್ದು, ಅದ್ರಲ್ಲಿ ಗಂಡಸರ ಟೀಮಿಗೆ ಒಂದೊಂದಕ್ಕೆ 4 ಕೋಟಿ ಪರ್ಸು, ಅಂದ್ರೆ ಆಟಗಾರರನ್ನ ಕೊಳ್ಳೋಕೆ ಇರೋ ದುಡ್ಡಿನ ಮಿತಿ, ಅದ್ರಲ್ಲಿ 24 ಜನರನ್ನ ತಗೋಬೇಕು, 16 ಜನ ಇಂಡಿಯಾದೋರು 8 ಜನ ಹೊರಗಿನೋರು. ಸೂರ್ಮಾ ಟೀಮು ಹರ್ಮನ್‌ಪ್ರೀತ್‌ಗೆ 78 ಲಕ್ಷ ಕೊಡ್ತು, ಆ ಹರಾಜಲ್ಲಿ ಅದೇ ಜಾಸ್ತಿ. ಬ್ಯಾಂಕ್ ಅಂಕಲ್ ಅದು ಅತಿಯಾಯ್ತು ಅಂದ್ರು. ಅಣ್ಣ ಬಿಲ್ ಹರ್ದು ಹಿಂದೆ ಬರೆದ್ರು, 400 ಮೈನಸ್ 78, ಉಳೀತು 322, ಭಾಗಿಸು 23, ಬಂತು 14. “ನೋಡಿ ಸಾರ್, ಮಿಕ್ಕ ಇಪ್ಪತ್ಮೂರು ಜನಕ್ಕೂ ಸರಾಸರಿ ಹದ್ನಾಲ್ಕ್ ಲಕ್ಷ ಉಳೀತಲ್ಲ, ಪೆನಾಲ್ಟಿ ಕಾರ್ನರಲ್ಲಿ ಗೋಲ್ ಹೊಡೆಯೋನಿಗೆ ಇಷ್ಟು ಕೊಡ್ದೇ ಇನ್ಯಾರಿಗೆ ಕೊಡ್ತೀರಾ?” ಅಂಕಲ್ ಬಿಲ್ ಕೈಗೆ ತಗೊಂಡು ಕನ್ನಡಕ ಮೇಲೆ ಮಾಡಿ ನೋಡಿ, “ಸರಾಸರಿ ಯಾರ ಜೇಬಿಗೂ ಬರಲ್ಲ ಕಣಪ್ಪ. ಇನ್ನೂ ಇಬ್ರು ಸ್ಟಾರ್ ತಗೊಂಡ್ರೆ ಕೊನೇಲಿ ಬರೋ ಹುಡುಗ್ರಿಗೆ ಬೇಸ್ ಪ್ರೈಸು, 2 ಲಕ್ಷ. ವರ್ಷವೆಲ್ಲ ಪ್ರಾಕ್ಟೀಸ್ ಮಾಡಿ 2 ಲಕ್ಷ” ಅಂದ್ರು. ಇಬ್ರೂ ಸರಿನೇ. ಅದಕ್ಕೇ ಆ ಜಗಳ ಇನ್ನೂ ಮುಗ್ದಿಲ್ಲ.

ನಂಗೆ ಆ ಬಿಲ್ ನೋಡಿ ಬೇರೆನೇ ಒಂದು ತಲೆಗೆ ಬಂತು. 78 ಅಂದ್ರೆ ಪರ್ಸಿನ ನೂರಕ್ಕೆ ಹತ್ತೊಂಬತ್ತೂವರೆ. ಅಮೆರಿಕ ಕೆನಡಾದ ಐಸ್ ಹಾಕಿ ಲೀಗು, ಎನ್‌ಎಚ್‌ಎಲ್, ಅಲ್ಲಿ ರೂಲ್ಸಲ್ಲೇ ಬರ್ದಿದೆ, ಒಬ್ಬ ಆಟಗಾರನಿಗೆ ಕ್ಯಾಪಿನ, ಅಂದ್ರೆ ಒಂದು ಟೀಮಿನ ಒಟ್ಟು ಸಂಬಳದ ಮಿತಿಯ, ನೂರಕ್ಕೆ 20ಕ್ಕಿಂತ ಜಾಸ್ತಿ ಕೊಡೋ ಹಂಗಿಲ್ಲ ಅಂತ. ಇಲ್ಲಿ ಹರಾಜಲ್ಲಿ ಕೂಗಿ ಕೂಗಿ ಸರಿಯಾಗಿ ಅದೇ ಗೆರೆ ಹತ್ರ ಬಂದು ನಿಂತಿದೆ. ಇದು ನಂಗೆ ಹೆಂಗ್ ಗೊತ್ತು ಅಂದ್ರೆ ನಮ್ಮ ಚಿಕ್ಕಪ್ಪನ ಮಗ ಟೊರಾಂಟೊ ಹತ್ರ ಇದಾನೆ, ರಜಕ್ಕೆ ಬಂದಾಗ ಕರ್ಕೊಂಡು ಹೋಗಿದ್ದೆ, ಅವ್ನು ಬಂದ ಮೇಲೆ ಹೋಟ್ಲಿನ ಜಗಳದ ಲೆವೆಲ್ಲೇ ಬದಲಾಯ್ತು ಅನ್ನಬಹುದು. ಮೊದ್ಲು ಎಲ್ರೂ ನಕ್ರು, ಐಸ್ ಮೇಲೆ ಜಾರ್ಕೊಂಡು ಹೊಡೆದಾಡೋದೂ ಒಂದು ಹಾಕಿನಾ ಅಂತ. ಅವ್ನು ಬಜ್ಜಿ ತಿನ್ಕೊಂಡು ನಿಧಾನಕ್ಕೆ ಶುರು ಮಾಡ್ದ.

ಅವ್ನು ಹೇಳಿದ್ದು ಕೇಳಿ, ಚೆನ್ನಾಗಿದೆ. ಅಲ್ಲಿ 2005ರ ತನಕ ಸಂಬಳಕ್ಕೆ ಲಿಮಿಟ್ಟೇ ಇರ್ಲಿಲ್ಲ, ದೊಡ್ಡ ಊರಿನ ಟೀಮು 70 ಮಿಲಿಯನ್ ಡಾಲರ್ ಮೇಲೆ ಸುರಿಯೋದು, ಸಣ್ಣ ಊರಿನೋರು ಸಾಯೋದು. ಓನರ್‌ಗಳು ಲಿಮಿಟ್ ಬೇಕೇ ಬೇಕು ಅಂತ ಕೂತ್ರು, ಆಟಗಾರರ ಯೂನಿಯನ್ ಬೇಡ್ವೇ ಬೇಡ ಅಂತು, 2004-05ರ ಇಡೀ ಸೀಸನ್ ಒಂದೂ ಮ್ಯಾಚ್ ಇಲ್ದೆ ಕ್ಯಾನ್ಸಲ್. ಕೊನೆಗೆ ಒಪ್ಕೊಂಡ್ರು, 39 ಮಿಲಿಯನ್ ಡಾಲರಿಂದ ಕ್ಯಾಪ್ ಶುರು, 2025-26ಕ್ಕೆ ಅದು 95.5 ಮಿಲಿಯನ್. ಮೇಲೆ ಲಿಮಿಟ್ ಇದ್ದಂಗೆ ಕೆಳಗೂ ಇದೆ, ಆ ಸೀಸನ್‌ಗೆ 70.6 ಮಿಲಿಯನ್‌ಗಿಂತ ಕಮ್ಮಿ ಖರ್ಚು ಮಾಡಂಗಿರ್ಲಿಲ್ಲ, ಅಂದ್ರೆ ಟೀಮ್ ಇಟ್ಕೊಂಡು ದುಡ್ಡು ಬಿಚ್ಚದೇ ಇರೋ ಜಿಪುಣ ಓನರ್‌ಗೂ ಮೂಗುದಾರ. ಇದನ್ನ ಕೇಳಿ ಅಣ್ಣ ಎದ್ದು ನಿಂತ್ಕೊಂಡ್ರು. “ಹಂಗಿದ್ರೆ ಆ ನಂಬರ್ರು ಯಾರು ಫಿಕ್ಸ್ ಮಾಡ್ತಾರೆ? ಪ್ರತಿ ವರ್ಷ ಏರೋದು ಹೆಂಗೆ?”

ಅಲ್ಲೇ ಇರೋದು ವಿಷ್ಯ. ಅಲ್ಲಿ ಲೀಗಿನ ಒಟ್ಟು ಆದಾಯ ಲೆಕ್ಕ ಹಾಕ್ತಾರೆ, ಟೀವಿ ದುಡ್ಡು, ಟಿಕೆಟ್ಟು, ಸ್ಪಾನ್ಸರ್ರು ಎಲ್ಲ ಸೇರಿ, ಅದ್ರಲ್ಲಿ ಅರ್ಧ ಆಟಗಾರರಿಗೆ ಅರ್ಧ ಓನರ್‌ಗಳಿಗೆ. 2013ರ ಒಪ್ಪಂದದಿಂದ ಫಿಫ್ಟಿ ಫಿಫ್ಟಿ, ಅದಕ್ಮುಂಚೆ ಆಟಗಾರರಿಗೆ 57ರವರೆಗೂ ಹೋಗಿತ್ತಂತೆ. ಆದಾಯ ಏರಿದ್ರೆ ಕ್ಯಾಪ್ ಏರುತ್ತೆ. ಆಟಗಾರರ ಸಂಬಳದಲ್ಲಿ ಒಂದಷ್ಟು ಹಿಡ್ಕೊಂಡಿರ್ತಾರೆ, ವರ್ಷದ ಕೊನೆಗೆ ಅರ್ಧಕ್ಕಿಂತ ಜಾಸ್ತಿ ಹೋಗಿದ್ರೆ ಅದ್ರಲ್ಲಿ ಕಟ್. ಇಲ್ಲಿ ನಮ್ದು 4 ಕೋಟಿ. ಯಾಕೆ 4? ಯಾಕೆ 3 ಅಲ್ಲ, 6 ಅಲ್ಲ? ಬ್ಯಾಂಕ್ ಅಂಕಲ್ ಆಗ ಹೇಳಿದ್ದು ನಂಗಿನ್ನೂ ನೆನಪಿದೆ, “ತೋಟದಲ್ಲಿ ಆಳಿಗೆ ಕೂಲಿ ಇಷ್ಟೇ ಅಂತ ಕಟ್ಟಿಟ್ಟು, ಕಾಪಿ ಎಷ್ಟಕ್ಕೆ ಹೋಯ್ತು ಅಂತ ಕೇಳಿದ್ರೆ ಬಾಯಿ ಮುಚ್ಕೊಂಡಂಗೆ ಇದು.” ಅಂಕಲ್‌ಗೆ ಆ ಕಾಫಿ ನನ್ನ ಲೆಕ್ಕಕ್ಕೆ ಬರ್ಸಿದೆ.

ಇದ್ರ ಮೇಲೆ ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ, ರಿವ್ಯೂ ನಂದೇ ತಾನೆ. ಪರ್ಸ್ ಲಿಮಿಟ್ ಇರೋದು ಒಳ್ಳೇದೇ, ಟೀಮ್‌ಗಳು ಸಮ ಆಗಿರ್ತವೆ, ಮೊದಲ ವರ್ಷದ ಫೈನಲ್ ನೋಡಿ, ಬೆಂಗಾಲ್ ಟೈಗರ್ಸ್ ಹೈದರಾಬಾದ್ ತೂಫಾನ್ಸ್ ಮೇಲೆ 4-3, ಜುಗರಾಜ್ ಸಿಂಗ್ ಹ್ಯಾಟ್ರಿಕ್, ಹೋಟ್ಲಲ್ಲಿ ಆವತ್ತು ದೋಸೆ ಹುಡ್ಗ ಹೆಂಚನ್ನೇ ಆಫ್ ಮಾಡಿ ಬಂದು ನಿಂತಿದ್ದ. ಆಟ ನೋಡೋನಿಗೆ ಇದಕ್ಕಿಂತ ಏನ್ ಬೇಕು. ಆದ್ರೆ ಪರ್ಸ್ ಲಿಮಿಟ್ ಕಟ್ಟಿಹಾಕೋದು ಆಟಗಾರನ ಸಂಬಳನ ಮಾತ್ರ, ಓನರ್‌ನ ಲಾಸಿಗೆ ಲಿಮಿಟ್ ಎಲ್ಲಿದೆ? ಗೆದ್ದ ಟೀಮಿಗೆ 3 ಕೋಟಿ, ಸೋತ ಫೈನಲಿಸ್ಟಿಗೆ 2, ಮೂರನೇದಕ್ಕೆ 1. ಹರಾಜಿಗೇ 4 ಕೋಟಿ. ಅಂದ್ರೆ ಕಪ್ ಎತ್ಕೊಂಡ್ರೂ ಬಹುಮಾನದ ದುಡ್ಡಲ್ಲಿ ಆಟಗಾರರ ಬಿಲ್ಲೇ ತೀರಲ್ಲ, ಕೋಚ್, ಫಿಸಿಯೋ, ಹೋಟೆಲ್ಲು, ಫ್ಲೈಟು ಎಲ್ಲ ಆಮೇಲೆ. ಇನ್ನು ಟಿಕೆಟ್ ದುಡ್ಡು ಅಂದ್ರೆ ಆ ಸಲ ಗಂಡಸರ ಮ್ಯಾಚು ಬಹುತೇಕ ಎಲ್ಲ ರೂರ್ಕೆಲಾದಲ್ಲೇ ಆಯ್ತು. ಬಿರ್ಸಾ ಮುಂಡಾ ಸ್ಟೇಡಿಯಂ ಬಗ್ಗೆ ಒಂದು ಮಾತಿಲ್ಲ, 20 ಸಾವಿರ ಸೀಟು, ನಮ್ಮ ದೇಶದ ಹೆಮ್ಮೆ. ಆದ್ರೆ ತಮಿಳ್ನಾಡು ಡ್ರ್ಯಾಗನ್ಸ್ ಅಂತ ಹೆಸರಿಟ್ಕೊಂಡು ಚೆನ್ನೈಲಿ ಆಡ್ಲಿಲ್ಲ, ಹೈದರಾಬಾದಿನೋರು ಹೈದರಾಬಾದಲ್ಲಿ ಆಡ್ಲಿಲ್ಲ. ಊರೋರು ಬಂದು ಟಿಕೆಟ್ ತಗೊಂಡು ಜರ್ಸಿ ತಗೊಂಡು ಕೂಗದೇ ಇದ್ರೆ ಓನರ್‌ಗೆ ದುಡ್ಡು ಆಕಾಶದಿಂದ ಬರುತ್ತಾ?

ಅದಕ್ಕೇ ಯಾರು ಉಳೀತಾರೆ ನೋಡಿ. ಜೆಎಸ್‌ಡಬ್ಲ್ಯೂ, ವೇದಾಂತ ಥರ ಸ್ಟೀಲು, ಗಣಿ ಅಂತ ದೊಡ್ಡ ಬಿಸ್ನೆಸ್ ಇರೋರಿಗೆ ಈ ಲಾಸು ಅಡ್ವರ್ಟೈಸ್‌ಮೆಂಟ್ ಖರ್ಚಿನ ಹಾಗೆ ಕಾಣುತ್ತೆ. ಮಿಕ್ಕೋರಿಗೆ ಕಷ್ಟ. ಯುಪಿ ರುದ್ರಾಸ್ ಹಾರ್ದಿಕ್ ಸಿಂಗ್‌ಗೆ 70 ಲಕ್ಷ ಕೊಟ್ಟು ತಗೊಂಡು ಜೋರಾಗಿ ಬಂದೋರು, ಎರಡನೇ ಸೀಸನ್‌ಗೆ ಮುಂಚೆನೇ ನಮ್ಗಾಗಲ್ಲ ಅಂತ ಹೊರಟ್ರು, ಲೀಗಿನ ಗವರ್ನಿಂಗ್ ಕೌನ್ಸಿಲ್ಲೇ ಆ ಟೀಮ್ ನಡೆಸ್ಬೇಕಾಯ್ತು. ಇದೇನು ಹೊಸದಲ್ಲ. 2013ರಲ್ಲಿ ಐದು ಟೀಮಲ್ಲಿ ಲೀಗ್ ಶುರುವಾದಾಗ ಮೊದಲ ಕಪ್ ಗೆದ್ದಿದ್ದು ರಾಂಚಿ ರೈನೋಸ್, 2015 ಬರೋಷ್ಟರಲ್ಲಿ ಆ ಟೀಮೇ ಇಲ್ಲ, ರಾಂಚಿ ರೇಸ್ ಅಂತ ಬೇರೆ ಟೀಮು, ಧೋನಿ ಪಾಲುದಾರ, ಅದೂ ಆ ವರ್ಷನೇ ಕಪ್ ಹೊಡೀತು. 2017ರಲ್ಲಿ ಕಳಿಂಗ ಲ್ಯಾನ್ಸರ್ಸ್ ಗೆದ್ದ ಮೇಲೆ ಲೀಗೇ ಮಲ್ಕೊಂಡ್ತು. ಗೆದ್ದ ಟೀಮ್ ಮಾಯ ಆಗೋ ಲೀಗಲ್ಲಿ ಅಭಿಮಾನಿ ಯಾರನ್ನ ನಂಬ್ಕೊಂಡು ಜರ್ಸಿ ಹೊಲಿಸ್ಬೇಕು ಹೇಳಿ.

ಇಷ್ಟೆಲ್ಲ ನಾನು ಜೋರಾಗಿ ಹೇಳ್ತಿದ್ದಾಗ ಕೆನಡಾ ತಮ್ಮ ತಣ್ಣಗೆ ಒಂದು ಹೇಳ್ದ, ಅಣ್ಣಾ ದುಡ್ಡು ಜಾಸ್ತಿ ಇರೋ ಕಡೆನೂ ಓನರ್ ಕಥೆ ಇದೇನೇ ಅಂತ. ಅರಿಜೋನಾ ಕಯೋಟೀಸ್ ಅಂತ ಒಂದು ಟೀಮು, ಮರುಭೂಮಿ ಊರಲ್ಲಿ ಐಸ್ ಹಾಕಿ, ಸ್ಟೇಡಿಯಂ ಲೀಸ್ ಹೋಗಿ ಕೊನೆಗೆ ಕಾಲೇಜು ಹುಡುಗ್ರು ಆಡೋ ಸುಮಾರು 5 ಸಾವಿರ ಸೀಟಿನ ಜಾಗದಲ್ಲಿ ಎರಡು ಸೀಸನ್ ಆಡಿದ್ರಂತೆ, ಎನ್‌ಎಚ್‌ಎಲ್ ಟೀಮು ಸ್ವಾಮಿ! 2024ರಲ್ಲಿ ಆಟಗಾರರನ್ನೆಲ್ಲ ಎತ್ತಿ ಯೂಟಾಗೆ ಕಳಿಸಿದ್ರು, ಅಲ್ಲಿನ ಹೊಸ ಓನರ್ ಕೊಟ್ಟಿದ್ದು 1.2 ಬಿಲಿಯನ್ ಡಾಲರ್. ಕ್ಯಾಪ್ ಇತ್ತು, ಕೆಳಗಿನ ಲಿಮಿಟ್ ಇತ್ತು, ಫಿಫ್ಟಿ ಫಿಫ್ಟಿನೂ ಇತ್ತು, ಊರಿನ ಟೀಮ್ ಮಾತ್ರ ಉಳೀಲಿಲ್ಲ. ಅಂಕಲ್ ಅದಕ್ಕೆ “ಅಂದ್ರೆ ಓನರ್ ನೆಟ್ಟಗಿಲ್ದಿದ್ರೆ ಯಾವ ರೂಲ್ಸೂ ಕಾಪಾಡಲ್ಲ ಅನ್ನು” ಅಂದ್ರು. ನಾನೂ ಒಪ್ಕೋಬೇಕಾಯ್ತು, ಪೂರ್ತಿ ಅಲ್ಲ, ಮುಕ್ಕಾಲು.

ಮ್ಯಾನೇಜ್‌ಮೆಂಟ್ ತಪ್ಪು ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಅವ್ನು ಕೊಟ್ಟ ಉದಾಹರಣೆ ಇನ್ನೂ ಜೋರು. ಮಿನೆಸೋಟಾ ವೈಲ್ಡ್ ಅನ್ನೋ ಟೀಮು 2012ರಲ್ಲಿ ಪರಿಸೆ, ಸೂಟರ್ ಅಂತ ಇಬ್ರಿಗೆ ಒಂದೇ ದಿನ ಒಬ್ಬೊಬ್ರಿಗೆ 13 ವರ್ಷಕ್ಕೆ 98 ಮಿಲಿಯನ್ ಡಾಲರ್ ಕಾಂಟ್ರ್ಯಾಕ್ಟ್ ಕೊಡ್ತು. 2021ರಲ್ಲಿ ವಯಸ್ಸಾಯ್ತು ಬೇಡ ಅಂತ ಇಬ್ರನ್ನೂ ದುಡ್ಡು ಕೊಟ್ಟು ಕಳಿಸಿದ್ರು. ಕಳಿಸಿದ ಮಾತ್ರಕ್ಕೆ ಲೆಕ್ಕ ಮುಗಿಯಲ್ಲ, ಟೀಮಲ್ಲಿ ಇಲ್ದಿರೋ ಆ ಇಬ್ರ ಹೆಸರಲ್ಲಿ 2023-24, 2024-25 ಎರಡು ಸೀಸನ್ನೂ ವರ್ಷಕ್ಕೆ 14.7 ಮಿಲಿಯನ್ ಹತ್ರ ಕ್ಯಾಪಲ್ಲಿ ಬ್ಲಾಕ್. ಬೇರೆ ಟೀಮ್‌ಗಳು ಒಂದು ರೂಪಾಯಿ ಖರ್ಚು ಮಾಡೋ ಕಡೆ ಇವ್ರಿಗೆ 83 ಪೈಸೆ ಹತ್ರ. ಇನ್ನು ಟೊರಾಂಟೊ, ದುಡ್ಡಿಗೆ ಬರ ಇಲ್ಲ, ಟಿಕೆಟ್‌ಗೆ ಕ್ಯೂ, ನಾಲ್ಕು ಜನ ಸ್ಟಾರ್‌ಗಳಿಗೇ 40 ಮಿಲಿಯನ್ ಮೇಲೆ, ಕ್ಯಾಪಿನ ಹತ್ರತ್ರ ಅರ್ಧ ಇಟ್ಕೊಂಡು ವರ್ಷಗಟ್ಲೆ ಆಡ್ಸಿದ್ರು, ಕಪ್ ಬರ್ಲಿಲ್ಲ, ಕೊನೇ ಸಲ ಗೆದ್ದಿದ್ದು 1967. ಇದನ್ನ ಹೇಳ್ಬೇಕಾದ್ರೆ ಅವ್ನ ಮುಖ ನೋಡ್ಬೇಕಿತ್ತು, ಅವ್ನು ಅದೇ ಟೀಮಿನ ಫ್ಯಾನು. ನಮ್ಮ ಆರ್‌ಸಿಬಿ ಅಭಿಮಾನಿಗಳು ಪಾಪ 2025ರ ತನಕ ಕಾದ್ರಲ್ಲ, ಅವರಿಗೆಲ್ಲ ಇವ್ನನ್ನ ಕಂಡು ಕನಿಕರ.

ಕೂರ್ಗಿಗೆ ಇಷ್ಟ ಆಗಿದ್ದು ಕಳ್ಳಾಟದ ಕಥೆ. ಗಾಯ ಆಗಿ ದೀರ್ಘ ಕಾಲ ಹೊರಗಿರೋ ಆಟಗಾರ ಇದ್ರೆ ಅವ್ನ ಸಂಬಳದಷ್ಟು ಕ್ಯಾಪ್ ಮೀರಿ ಖರ್ಚು ಮಾಡೋಕೆ ಅವಕಾಶ ಇತ್ತು, ಆದ್ರೆ ಪ್ಲೇಆಫಲ್ಲಿ ಕ್ಯಾಪೇ ಲೆಕ್ಕಕ್ಕಿಲ್ಲ ಅಂತ ಆಗ ರೂಲ್ಸು. 2020-21ರಲ್ಲಿ ಟ್ಯಾಂಪಾ ಬೇ ಟೀಮಿನ ಕುಚೆರೊವ್ ಸೊಂಟದ ಆಪರೇಷನ್ ಅಂತ ಲೀಗ್ ಹಂತ ಪೂರ್ತಿ ಆಡ್ಲಿಲ್ಲ, ಪ್ಲೇಆಫ್ ಮೊದಲ ಮ್ಯಾಚಿಗೆ ಸರಿಯಾಗಿ ವಾಸಿ ಆಗಿ ಇಳಿದ, ಕಪ್ಪೂ ಗೆದ್ರು, ಆಮೇಲೆ ಕ್ಯಾಪಿಗಿಂತ 18 ಮಿಲಿಯನ್ ಜಾಸ್ತಿ ಅಂತ ಪ್ರಿಂಟ್ ಹಾಕ್ಸಿದ ಟೀ ಶರ್ಟ್ ಹಾಕ್ಕೊಂಡು ಓಡಾಡ್ದ. ಇಡೀ ಹೋಟ್ಲು ನಕ್ಕು ನಕ್ಕು ಸುಸ್ತು. 2025-26ರಿಂದ ಪ್ಲೇಆಫಿಗೂ ಕ್ಯಾಪ್ ತಂದು ಆ ಬಾಗಿಲು ಮುಚ್ಚಿದ್ರಂತೆ. ಒಳಗಿಂದ ಅಕ್ಕ, “ಗಂಡಸ್ರ ಸೊಂಟ ನೋವು ಕೆಲ್ಸ ಇರೋವಾಗ ಬಂದು ಹಬ್ಬದ ದಿನ ಹೋಗೋದು ನಮ್ಮನೇಲೂ ಐತೆ” ಅಂದ್ರು, ಓನರ್ ಅಣ್ಣ ಕೇಳಿಸ್ಕೊಂಡಿಲ್ಲ ಅನ್ನೋ ಹಾಗೆ ಚಿಲ್ರೆ ಎಣಿಸ್ತಿದ್ರು.

ಅಕ್ಕನ ವಿಷ್ಯ ಬಂತಲ್ಲ, ಇನ್ನೊಂದು ಹೇಳ್ಬೇಕು. ಹೆಂಗಸರ ಲೀಗಲ್ಲಿ ಪರ್ಸು 2 ಕೋಟಿ, ಗಂಡಸರ ಅರ್ಧ, ಜಾಸ್ತಿ ಹೋಗಿದ್ದು ಉದಿತಾಗೆ 32 ಲಕ್ಷ, ಗೆದ್ದ ಟೀಮಿಗೆ 1.5 ಕೋಟಿ. ನಾವೆಲ್ಲ ಶುರು ಆಗಿದ್ದೇ ದೊಡ್ಡದು ಅಂತ ಮಾತಾಡ್ತಿದ್ವಿ. ಅಕ್ಕ ಕೈ ಒರೆಸ್ಕೊಂಡು ಬಂದು ಕೇಳಿದ್ದು ಒಂದೇ, ಸ್ಟಿಕ್ಕು ಅರ್ಧ ರೇಟಿಗೆ ಸಿಗುತ್ತಾ ಅವ್ರಿಗೆ? ಶೂಸು? ಯಾರೂ ಮಾತಾಡ್ಲಿಲ್ಲ. ರಾಂಚಿಲಿ ಒಡಿಶಾ ವಾರಿಯರ್ಸ್ ಫೈನಲ್ ಗೆದ್ದಾಗ ರುತುಜಾ ಪಿಸಾಳ್ ಎರಡೂ ಗೋಲ್ ಹೊಡೆದಿದ್ದು ಅಕ್ಕನಿಗೆ ನಿಮಿಷದ ಸಮೇತ ನೆನಪಿದೆ, ನಮ್ಮಲ್ಲಿ ಅರ್ಧ ಜನಕ್ಕೆ ಆ ಮ್ಯಾಚ್ ಇತ್ತು ಅಂತ್ಲೇ ಗೊತ್ತಿರ್ಲಿಲ್ಲ.

ಈಗ ಎಲ್ರಿಗೂ ಹೊಟ್ಟೆ ಉರಿಯೋ ವಿಷ್ಯ. ಎಂಟು ಟೀಮಲ್ಲಿ ಕರ್ನಾಟಕದ್ದು ಒಂದೂ ಇರ್ಲಿಲ್ಲ. ಇಂಡಿಯಾಗೆ ಆಡಿದ ನಮ್ಮೋರು ಎಷ್ಟು ಜನ, ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಸೋಮಯ್ಯ, ಅರ್ಜುನ್ ಹಾಲಪ್ಪ, ರಘುನಾಥ್, ಎಸ್.ವಿ. ಸುನಿಲ್, ಹೇಳ್ತಾ ಹೋದ್ರೆ ರಾತ್ರಿ ಆಗುತ್ತೆ. 2012ರ ಕೊನೇಲಿ ಮೊದಲ ಹರಾಜು ಆದಾಗ ಸರ್ದಾರ್ ಸಿಂಗ್ 78 ಸಾವಿರ ಡಾಲರ್, ಅವ್ನ ಹಿಂದೇನೇ ನಮ್ಮ ರಘುನಾಥ್ 76 ಸಾವಿರ, ತಗೊಂಡಿದ್ದು ಉತ್ತರ ಪ್ರದೇಶದೋರು. ನಮ್ಮ ಹುಡುಗ್ರು ಬೇಕು ನಮ್ಮ ಊರು ಬೇಡ ಅನ್ನೋ ಲೆಕ್ಕ. ಅದಕ್ಮುಂಚೆ ಪ್ರೀಮಿಯರ್ ಹಾಕಿ ಲೀಗಲ್ಲಿ ಬೆಂಗಳೂರು ಲಯನ್ಸ್ ಇತ್ತು, 2012ರ ವರ್ಲ್ಡ್ ಸೀರೀಸ್ ಹಾಕಿಲಿ ಕರ್ನಾಟಕ ಲಯನ್ಸ್ ಅಂತ ಹಾಲಪ್ಪ ಕ್ಯಾಪ್ಟನ್ಸಿಲಿ ಆಡಿತ್ತು, ಆ ಟೂರ್ನಮೆಂಟು ಒಂದೇ ವರ್ಷಕ್ಕೆ ನಿಂತೋಯ್ತು. ಬೆಂಗಳೂರಲ್ಲಿ ಅಷ್ಟೊಂದು ಸಾಫ್ಟ್‌ವೇರ್ ಕಂಪನಿ, ಒಬ್ರಿಗೂ 4 ಕೋಟಿ ಪರ್ಸ್ ಭಾರ ಆಗಲ್ಲ, ಆದ್ರೂ ಯಾರೂ ಮುಂದೆ ಬಂದಿಲ್ಲ. ಅಂಕಲ್ ಪ್ರಕಾರ ಅವರೆಲ್ಲ ಲೆಕ್ಕ ಗೊತ್ತಿರೋರು, ಅದಕ್ಕೇ ಬಂದಿಲ್ಲ. ಒಡಿಶಾದಲ್ಲಿ ಸರ್ಕಾರನೇ 2018ರಿಂದ ಇಂಡಿಯಾ ಟೀಮಿನ ಬೆನ್ನಿಗೆ ನಿಂತಿದೆ, ಟರ್ಫು ಸ್ಟೇಡಿಯಂ ಎಲ್ಲ ಕಟ್ಟಿದೆ, ಹಾಗಾಗಿ ಲೀಗೂ ಅಲ್ಲಿಗೇ ಹೋಗುತ್ತೆ ಅನ್ನೋದು ಅವ್ರ ವಾದ.

ಕೂರ್ಗಿ ಇದಕ್ಕೆ ಒಪ್ಪಲ್ಲ. ಅವ್ನ ಪ್ರಕಾರ ಓನರ್ರೇ ಬೇಕಾಗಿಲ್ಲ. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಮನೆತನದೋರು ಕೊಡವ ಕೌಟುಂಬಿಕ ಹಾಕಿ ಶುರು ಮಾಡಿದ್ರು, ಪ್ರತಿ ವರ್ಷ ಒಂದೊಂದು ಒಕ್ಕದೋರು, ಅಂದ್ರೆ ಮನೆತನದೋರು, ಜವಾಬ್ದಾರಿ ತಗೊಂಡು ನಡೆಸ್ತಾರೆ, 2024ರಲ್ಲಿ ಕುಂಡ್ಯೋಳಂಡ ಕಪ್‌ಗೆ ನಾಪೋಕ್ಲಲ್ಲಿ 360 ಟೀಮು ಬಂದು ಗಿನ್ನೆಸ್ ದಾಖಲೆ ಆಯ್ತು. ಹರಾಜಿಲ್ಲ, ಪರ್ಸಿಲ್ಲ, ಅಜ್ಜನೂ ಮೊಮ್ಮಗಳೂ ಒಂದೇ ಟೀಮಲ್ಲಿ ಆಡ್ತಾರೆ. “ಟೀಮ್ ಓಡ್ಹೋಗಲ್ಲ ಅಂಕಲ್, ಮನೆತನ ಎಲ್ಲಿಗೆ ಓಡ್ಹೋಗುತ್ತೆ?” ಅಂದ. ಮಾತು ಚೆನ್ನಾಗಿತ್ತು, ಅಂಕಲ್ ಬಿಡ್ಬೇಕಲ್ಲ, “ಸರಿಯಪ್ಪ, ಆ ಹಬ್ಬದಲ್ಲಿ ಆಡಿ ಚೆನ್ನಾಗಿ ಬೆಳೆದ ಹುಡ್ಗ ಜೀವನಕ್ಕೆ ಏನ್ ಮಾಡ್ಬೇಕು? ನಂಗೆ ಬ್ಯಾಂಕ್ ಕೆಲ್ಸ ಕೊಡ್ತು. ಈಗ ಆ ನೇಮಕಾತಿ ಎಲ್ಲಿದೆ?” ಅಂದ್ರು. ನಾನು ಈ ವಾದದಲ್ಲಿ ಅಂಕಲ್ ಕಡೆ. ಹಬ್ಬ ಹಬ್ಬವೇ, ಆದ್ರೆ ಇಪ್ಪತ್ತೆರಡು ವರ್ಷದ ಹುಡ್ಗನಿಗೆ ತಿಂಗಳಿಗೆ ದುಡ್ಡು ಬರ್ಬೇಕು. ಅದಕ್ಕೆ ಲೀಗ್ ಬೇಕು, ಲೀಗಿಗೆ ಓನರ್ ಬೇಕು, ಓನರ್‌ಗೆ ಊರಲ್ಲಿ ಮ್ಯಾಚ್ ಬೇಕು, ಲೀಗಿನ ಆದಾಯದ ಲೆಕ್ಕ ಎಲ್ರಿಗೂ ಕಾಣೋ ಹಾಗೆ ಇಡ್ಬೇಕು. ಪರ್ಸು 4 ಕೋಟಿನೋ 5 ಕೋಟಿನೋ ಅನ್ನೋದು ಆಮೇಲಿನ ಮಾತು.

ಹೋಟ್ಲು ಬಗ್ಗೆ ಬಿಟ್ಟೇಬಿಟ್ಟೆ. ತೊಂದ್ರೆಗಳು ಇವೆ. ಮಳೆ ಜೋರಾದ್ರೆ ಡಿಶ್ ಸಿಗ್ನಲ್ ಹೋಗುತ್ತೆ, ಆಗ ಯಾರ್ದೋ ಫೋನ್ ಸಕ್ಕರೆ ಡಬ್ಬಕ್ಕೆ ಒರಗಿಸಿ ಎಲ್ರೂ ಬಗ್ಗಿ ನೋಡ್ಬೇಕು. ಫ್ಯಾನು ಎರಡೇ, ಒಂದು ಸದ್ದು ಮಾಡುತ್ತೆ ಗಾಳಿ ಬರಲ್ಲ. ಕೈ ತೊಳೆಯೋ ಜಾಗ ಇನ್ನೂ ಸ್ವಲ್ಪ ಕ್ಲೀನ್ ಇರ್ಬೇಕು. ಆರ್ಡರ್ ತಗೊಳ್ಳೋನು ಮಾತಿನ ಮಧ್ಯ ನುಗ್ಗಿ ತನ್ನ ಅಭಿಪ್ರಾಯನೂ ಹೇಳಿ ಆರ್ಡರ್ ಮರೆತು ಹೋಗ್ತಾನೆ, ಎರಡು ಸಲ ಹೇಳಿ. ಫ್ಯಾಮಿಲಿ ಕರ್ಕೊಂಡು ಹೋಗ್ಬಹುದಾ ಅಂದ್ರೆ ಹೋಗ್ಬಹುದು, ಒಳಗಡೆ ಎರಡು ಟೇಬಲ್ ಅಕ್ಕನ ಕಣ್ಣಳತೆಲೇ ಇದೆ, ಅಲ್ಲಿ ಸಿಗರೇಟು ಬೈಗುಳ ಎರಡೂ ನಡೆಯಲ್ಲ, ಹೊರಗಿನ ಬೆಂಚಲ್ಲಿ ಎರಡನೇದು ನಡೆಯುತ್ತೆ. ರೇಟು ಜಾಸ್ತಿ ಅಲ್ಲ, ಇಬ್ರು ರೊಟ್ಟಿ ತಿಂದು ಎರಡೆರಡು ಕಾಫಿ ಕುಡಿದ್ರೂ ಇನ್ನೂರು ರೂಪಾಯಿ ದಾಟಲ್ಲ. ಫೋನ್‌ಪೇ ತಗೋತಾರೆ, ಆದ್ರೆ ದುಡ್ಡು ಬಂತು ಅಂತ ಹೇಳೋ ಆ ಡಬ್ಬಿ ಗೋಲ್ ಬೀಳೋ ಟೈಮಿಗೆ ಕೂಗಿಕೊಳ್ಳುತ್ತೆ ಅಂತ ಮ್ಯಾಚ್ ಟೈಮಲ್ಲಿ ಅದರ ಸೌಂಡ್ ಆಫ್ ಮಾಡಿಟ್ಟಿರ್ತಾರೆ, ಪೇಮೆಂಟ್ ಆದ ಮೇಲೆ ಸ್ಕ್ರೀನ್ ತೋರ್ಸಿ ಹೋಗಿ.

ಹೊಸಬರಾಗಿ ಹೋದ್ರೆ ಸಂಜೆ ಆರರ ಮೇಲೆ ಹೋಗಿ, ಕಿಟಕಿ ಪಕ್ಕದ ಕುರ್ಚಿ ಖಾಲಿ ಇದ್ರೂ ಕೂರ್ಬೇಡಿ, ಅದು ಅಂಕಲ್‌ದು, ಐದು ನಿಮಿಷದಲ್ಲಿ ಬಂದು ನಿಂತ್ಕೊಂಡು ನೋಡ್ತಾರೆ. ಹುಚ್ಚೆಳ್ಳು ಚಟ್ನಿ ಇದ್ಯಾ ಅಂತ ಒಳಗೆ ಹೋಗಿ ಅಕ್ಕನ್ನೇ ಕೇಳಿ, ಆರ್ಡರ್ ತಗೊಳ್ಳೋ ಹುಡ್ಗನ್ನ ಕೇಳಿದ್ರೆ ಯಾವಾಗ್ಲೂ ಇದೆ ಅಂತ್ಲೇ ಹೇಳೋದು. ಭಾನುವಾರ ಮಧ್ಯಾಹ್ನ ಮುಚ್ಚಿರುತ್ತೆ, ಅಣ್ಣ ಮಕ್ಕಳಿಗೆ ಪ್ರಾಕ್ಟೀಸ್ ಮಾಡ್ಸೋಕೆ ಗ್ರೌಂಡಿಗೆ ಹೋಗಿರ್ತಾರೆ.